ಲೈಸೆನ್ಸ್ ಮೇಲಿನ ತಾರೀಖು ಎಲ್ಲಿಂದ ಬರುತ್ತದೆ? ಅಮೆರಿಕದಲ್ಲಿ ನನ್ನ ಅನುಭವ

ಟೆಕ್ಸಾಸ್‌ನಲ್ಲಿ ಅಮೆರಿಕದ ಪ್ರಜೆಗೆ ಡ್ರೈವಿಂಗ್ ಲೈಸೆನ್ಸ್ ಸಾಮಾನ್ಯವಾಗಿ ಎಂಟು ವರ್ಷದ ಅವಧಿಗೆ ಸಿಗುತ್ತದೆ. ಇಷ್ಟು ವರ್ಷ ಇಲ್ಲಿದ್ದರೂ ಅಂಥದ್ದೊಂದು ನನ್ನ ಕೈಗೆ ಬಂದಿಲ್ಲ. ಮೊದಲು ವಿದ್ಯಾರ್ಥಿ, ಆಮೇಲೆ ಓಪಿಟಿ (ಓದಿದ ವಿಷಯದಲ್ಲೇ ಸ್ವಲ್ಪ ಕಾಲ ಕೆಲಸ ಮಾಡಲು ವಿದ್ಯಾರ್ಥಿಗೆ ಸಿಗುವ ಅನುಮತಿ), ಈಗ ಎಚ್-1ಬಿ ಅನ್ನುವ ಕೆಲಸದ ವೀಸಾ. ಪ್ರತಿ ಸಲವೂ ಕಾರ್ಡಿನ ಮೇಲೆ ‘ಲಿಮಿಟೆಡ್ ಟರ್ಮ್’ ಅಂತ ಅಚ್ಚಾಗಿರುತ್ತದೆ, ಅವಧಿಯೂ ಚಿಕ್ಕದು. ನಾನು ಕಾರು ಹೇಗೆ ಓಡಿಸುತ್ತೇನೆ ಅನ್ನುವುದಕ್ಕೂ ಆ ತಾರೀಖಿಗೂ ಸಂಬಂಧವೇ ಇಲ್ಲ. ಅದು ವಲಸೆ ಕಾಗದದಿಂದ ಎತ್ತಿಕೊಂಡ ತಾರೀಖು. ಹಾಗಾಗಿ ಲೈಸೆನ್ಸ್ ಆಫೀಸಿಗೆ ಹೋಗುವ ಮುಂಚೆ ಸ್ಟಿಯರಿಂಗ್ ಹಿಡಿಯುವುದಕ್ಕಿಂತ ಜಾಸ್ತಿ ಹೊತ್ತು ನಾನು ಫೈಲ್ ಹಿಡಿದು ಕೂರುತ್ತೇನೆ.

ಇದರ ಬೇರು ರಾಜ್ಯಗಳು ಕೊಡುವ ಲೈಸೆನ್ಸಿಗೆ ಕೇಂದ್ರ ಸರ್ಕಾರ ನಿಯಮ ಹಾಕಿದ 2005ರ ರಿಯಲ್ ಐಡಿ ಕಾಯ್ದೆಯಲ್ಲಿದೆ. ತಾತ್ಕಾಲಿಕವಾಗಿ ಇರುವವರಿಗೆ ಆ ಕಾಯ್ದೆಯಡಿ ಕಾರ್ಡ್ ಕೊಡುವುದಾದರೆ, ದೇಶದಲ್ಲಿರಲು ಅನುಮತಿ ಇರುವಷ್ಟು ಕಾಲಕ್ಕೆ ಮಾತ್ರ ಕೊಡಬೇಕು. ಅನುಮತಿಗೆ ಕೊನೆಯ ತಾರೀಖೇ ಇಲ್ಲದಿದ್ದರೆ ಒಂದು ವರ್ಷ. ನಾನು ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬಂದಾಗ ನನ್ನ ಐ-94ರಲ್ಲಿ (ದೇಶದೊಳಗೆ ಬಂದಾಗ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ದಾಖಲೆ) ತಾರೀಖಿನ ಜಾಗದಲ್ಲಿ ‘ಡಿ/ಎಸ್’ ಅಂತ ಎರಡು ಅಕ್ಷರ ಮಾತ್ರ ಇತ್ತು. ಅಂದರೆ ಓದು ನಡೆಯುವವರೆಗೆ ಇರಬಹುದು. ಕೌಂಟರಿನಲ್ಲಿ ಕೂತವರಿಗೆ ಕಂಪ್ಯೂಟರಿಗೆ ಹಾಕಲು ಒಂದು ತಾರೀಖು ಬೇಕಲ್ಲ. ಅದಕ್ಕೇ ಕಾಲೇಜು ಕೊಡುವ ಐ-20 ಪತ್ರ ಮರೆಯದೆ ಒಯ್ಯಬೇಕು. ಕೋರ್ಸ್ ಮುಗಿಯುವ ದಿನ ಅದರಲ್ಲಿರುತ್ತದೆ.

ಇದಕ್ಕಿಂತ ಕಷ್ಟದ ಕಾಲವೂ ಇತ್ತು. 2008ರ ಜನವರಿಯಲ್ಲಿ ಮಿಷಿಗನ್ ರಾಜ್ಯದಲ್ಲಿ ಗ್ರೀನ್ ಕಾರ್ಡ್ ಇಲ್ಲದ ವಿದೇಶೀಯರಿಗೆ ಹೊಸ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿದ್ದರು. ಅಲ್ಲಿನ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟಿದ್ದು ಕಾಗದವಿಲ್ಲದೆ ಇರುವವರ ಬಗ್ಗೆ. ಏಟು ಬಿದ್ದಿದ್ದು ವೀಸಾ ಇದ್ದ ವಿದ್ಯಾರ್ಥಿಗಳಿಗೂ, ಎಂಜಿನಿಯರುಗಳಿಗೂ. ಮುಂದಿನ ತಿಂಗಳು ಕಾನೂನು ತಿದ್ದಿದ ಮೇಲೆ ದಾರಿಯಾಯಿತು.

ವಿದ್ಯಾರ್ಥಿಯಾಗಿ ಬಂದವರು ವಿಮಾನ ಇಳಿದ ವಾರವೇ ಅರ್ಜಿ ಹಾಕಲು ಓಡಬೇಡಿ. ದೇಶಕ್ಕೆ ಬಂದು ಹತ್ತು ದಿನ ಆಗಿರಬೇಕು, ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರದ ‘ಸೆವಿಸ್’ ವ್ಯವಸ್ಥೆಯಲ್ಲಿ ಕಾಲೇಜಿನವರು ನಮ್ಮ ದಾಖಲೆಯನ್ನು ‘ಆಕ್ಟಿವ್’ ಮಾಡಿ ಎರಡು ಕೆಲಸದ ದಿನ ಕಳೆದಿರಬೇಕು ಅಂತ ಸರ್ಕಾರವೇ ಸಲಹೆ ಕೊಡುತ್ತದೆ. ಸುಮ್ನೆ ಹೇಳಿದ ಮಾತಲ್ಲ ಅದು. ಲೈಸೆನ್ಸ್ ಆಫೀಸಿನವರು ನಮ್ಮ ಕಾಗದವನ್ನು ‘ಸೇವ್’ ಅನ್ನುವ ಕೇಂದ್ರ ಸರ್ಕಾರದ ವ್ಯವಸ್ಥೆಯಲ್ಲಿ ಹುಡುಕುತ್ತಾರೆ. ಅಲ್ಲಿ ದಾಖಲೆ ಇನ್ನೂ ಮೂಡಿರದಿದ್ದರೆ ಕೈಯಲ್ಲಿ ಎಷ್ಟು ಕಾಗದ ಇದ್ದರೂ ಅಷ್ಟೇ.

ಕೌಂಟರಿನಲ್ಲಿದ್ದ ಹೆಂಗಸು ನನ್ನ ಐ-94 ನಂಬರ್ ಟೈಪ್ ಮಾಡುತ್ತಾ ಹತ್ತನೇ ಅಕ್ಷರಕ್ಕೆ ಬಂದು ನಿಂತರು. ಒಂಬತ್ತು ಅಂಕಿ ಆದ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಮತ್ತೆ ಒಂದು ಅಂಕಿ. “ಇದು ಸರಿಯಿದೆಯಾ?” ಅಂತ ಕೇಳಿದರು. ಸರಿಯಿದೆ, 2019ರಿಂದ ಹೊಸ ನಂಬರುಗಳು ಹೀಗೇ ಬರುತ್ತವೆ. ಆದರೂ ಉತ್ತರ ತಕ್ಷಣ ಬರಲಿಲ್ಲ, ಹೆಚ್ಚಿನ ಪರಿಶೀಲನೆಗೆ ಹೋಯಿತು. ಆಗ ಕೇಳಿ ಪಡೆಯಬೇಕಾದ ಒಂದೇ ವಸ್ತು ಸೇವ್ ಕೇಸ್ ನಂಬರ್. ಅದಿದ್ದರೆ ಸೇವ್‌ನ ಕೇಸ್‌ಚೆಕ್ ವೆಬ್ ಪುಟದಲ್ಲಿ ಮನೆಯಲ್ಲೇ ಕೂತು ನೋಡಬಹುದು. ಪರಿಶೀಲನೆ ಮುಗಿದಿದೆ ಅಂತ ಕಂಡ ಮೇಲೆ ಹೋದರಾಯಿತು, ಸುಮ್ಮನೆ ಅಲೆದಾಟ ತಪ್ಪುತ್ತದೆ.

ಇನ್ನು ಹೆಸರಿನ ಕಥೆ. ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮ್ ಅಂತ ಒಂದು ಇರುವುದೇ ಇಲ್ಲ. ಊರಿನ ಹೆಸರಿನ ಇನಿಷಿಯಲ್, ಅಪ್ಪನ ಹೆಸರಿನ ಇನಿಷಿಯಲ್, ಮುಗಿಯಿತು. ನನ್ನ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು, ಅಪ್ಪನ ಹೆಸರು ಎರಡೂ ಗಿವನ್ ನೇಮ್ ಸಾಲಿನಲ್ಲೇ ಕೂತಿದ್ದವು, ಸರ್‌ನೇಮ್ ಖಾಲಿ. ಅಮೆರಿಕದ ವೀಸಾದಲ್ಲಿ ಅದೆಲ್ಲ ಒಟ್ಟಾಗಿ ಸರ್‌ನೇಮ್ ಆಯಿತು, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಬಂತು, ಅಂದರೆ ‘ಫಸ್ಟ್ ನೇಮ್ ಅನ್‌ನೋನ್’, ಮೊದಲ ಹೆಸರು ಗೊತ್ತಿಲ್ಲ. ಲೈಸೆನ್ಸಿಗೂ ಅದೇ ಇಳಿಯಿತು. ಕಾರ್ ಇನ್ಶೂರೆನ್ಸಿನವರು ಫೋನ್ ಮಾಡಿ “ಮಿಸ್ಟರ್ ಫ್ನೂ ಇದ್ದಾರಾ?” ಅಂತ ಕೇಳುತ್ತಿದ್ದರು. ನಗು ಬರುತ್ತದೆ ನಿಜ, ಆದರೆ ಇದನ್ನು ಭಾರತ ಬಿಡುವ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಸರಿ ಮಾಡಿಸಿಕೊಳ್ಳುವುದು ಒಳ್ಳೆಯದು. ಇಲ್ಲಿಗೆ ಬಂದ ಮೇಲೆ ಬದಲಾಯಿಸಿದರೆ ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಐ-94ರಲ್ಲಿ ಇನ್ನೊಂದು. ನಾನು ಹಳೆಯದು, ಹೊಸದು ಎರಡೂ ಪಾಸ್‌ಪೋರ್ಟ್ ಹಿಡಿದುಕೊಂಡೇ ಓಡಾಡಿದೆ.

ಟೆಸ್ಟಿನ ಬಗ್ಗೆ ಹೇಳುವುದು ಅಷ್ಟೇನಿಲ್ಲ. ಭಾರತದ ಲೈಸೆನ್ಸ್ ತೋರಿಸಿದರೆ ಇಲ್ಲಿ ವಿನಾಯಿತಿ ಇಲ್ಲ. ಪ್ಯಾರಲಲ್ ಪಾರ್ಕಿಂಗ್ ಚೆನ್ನಾಗಿ ಕಲಿತುಕೊಂಡು ಹೋಗಿ.

ಓಪಿಟಿಗೆ ಬಂದಾಗ ಹೊಸ ಐ-20, ಜೊತೆಗೆ ಕೆಲಸದ ಅನುಮತಿಯ ಇಎಡಿ ಕಾರ್ಡ್. ಓಪಿಟಿಯಿಂದ ಎಚ್-1ಬಿಗೆ ಹೋಗುವ ನಡುವಿನ ‘ಕ್ಯಾಪ್-ಗ್ಯಾಪ್’ನಲ್ಲಿ ಇಎಡಿ ಮೇಲಿನ ತಾರೀಖು ಮುಗಿದಿರುತ್ತದೆ, ಆದರೆ ಇರುವ ಹಕ್ಕು ಇರುತ್ತದೆ. ಅದನ್ನು ಕೌಂಟರಿನಲ್ಲಿ ಬಾಯಲ್ಲಿ ವಿವರಿಸಲು ಹೋಗಬೇಡಿ. ಕಾಲೇಜಿನಿಂದ ಕ್ಯಾಪ್-ಗ್ಯಾಪ್ ಐ-20 ತೆಗೆಸಿಕೊಂಡು ಮುಂದಿಡಿ.

ಎಚ್-1ಬಿ ಬಂದ ಮೇಲೆ ತಾರೀಖಿನ ಗೊಂದಲ ಮುಗಿಯಿತು ಅಂದುಕೊಳ್ಳುತ್ತಾರೆ ಜನ. ನನ್ನ ಹೆಂಡತಿ ಊರಿಗೆ ಹೋಗಿ ವಾಪಸ್ ಬಂದಾಗ ಅವಳ ಪಾಸ್‌ಪೋರ್ಟ್ ವೀಸಾಕ್ಕಿಂತ ಮೊದಲೇ ಮುಗಿಯುವುದಿತ್ತು. ವಿಮಾನ ನಿಲ್ದಾಣದಲ್ಲಿ ಐ-94 ಕೊಟ್ಟಿದ್ದು ಪಾಸ್‌ಪೋರ್ಟ್ ಮುಗಿಯುವ ದಿನದವರೆಗೆ ಮಾತ್ರ. ಲೈಸೆನ್ಸಿಗೂ ಅದೇ ದಿನ ಬಂತು. ನಿಜ ಹೇಳಬೇಕೆಂದರೆ ಲೈಸೆನ್ಸ್ ಕೈಗೆ ಬಂದಿದ್ದರಿಂದಲೇ ಈ ವಿಷಯ ನಮ್ಮ ಕಣ್ಣಿಗೆ ಬಿತ್ತು. ಕಾರು ಓಡಿಸುವುದು ಒಂದು ಕಡೆ ಇರಲಿ, ಆ ದಿನ ದಾಟಿದರೆ ಇಲ್ಲಿರುವ ಹಕ್ಕಿಗೇ ತೊಂದರೆ. ಹೊಸ ಪಾಸ್‌ಪೋರ್ಟ್ ಮಾಡಿಸಿ, ಇನ್ನೊಮ್ಮೆ ದೇಶದ ಹೊರಗೆ ಹೋಗಿ ಬಂದ ಮೇಲೆ ಪೂರ್ತಿ ಅವಧಿಯ ಐ-94 ಸಿಕ್ಕಿತು. ಈಗ ಯಾರು ಹೊರಗೆ ಹೋಗಿ ಬಂದರೂ, ಪೆಟ್ಟಿಗೆ ಬರುವುದನ್ನು ಕಾಯುತ್ತಾ ಬೆಲ್ಟ್ ಹತ್ತಿರ ನಿಂತಾಗಲೇ ಫೋನಿನಲ್ಲಿ ಐ-94 ತೆರೆದು ನೋಡುತ್ತೇವೆ.

ಎಚ್-1ಬಿ ವಿಸ್ತರಣೆಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಅರ್ಜಿ ಬಾಕಿ ಇದ್ದಾಗ ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮಾಡಬಹುದು. ಆದರೆ ಬರೀ ರಸೀದಿ ನೋಡಿ ಲೈಸೆನ್ಸ್ ಎಷ್ಟು ದಿನಕ್ಕೆ ಮುಂದುವರಿಸುತ್ತಾರೆ ಅನ್ನುವುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕೆಲಸಕ್ಕೆ ಹೋಗಲು ಅನುಮತಿ ಇದ್ದು, ಕಾರು ಓಡಿಸಿಕೊಂಡು ಹೋಗಲು ಇಲ್ಲ ಅಂದರೆ ಇಲ್ಲಿ ಮಾಡುವುದೇನು? ಬಸ್ಸೂ ಇಲ್ಲದ ಊರುಗಳಿವು. ಅದಕ್ಕೇ ಕಂಪನಿಯ ವಕೀಲರಿಗೆ ನನ್ನ ಲೈಸೆನ್ಸ್ ಮುಗಿಯುವ ದಿನವನ್ನೂ ಬರೆದು ಕಳಿಸಿ, ಬೇಗ ಅರ್ಜಿ ಹಾಕಲು ಕೇಳುತ್ತೇನೆ. ತಡವಾದರೆ ಹೆಚ್ಚಿನ ಶುಲ್ಕ ಕಟ್ಟಿ ಬೇಗ ನೋಡಿಸುವ ಪ್ರೀಮಿಯಂ ಪ್ರೊಸೆಸಿಂಗ್ ಇದೆ, 15 ಕೆಲಸದ ದಿನದೊಳಗೆ ಏನಾದರೊಂದು ಉತ್ತರ ಬರುತ್ತದೆ. ಐ-797 ಅನ್ನುವ ಒಪ್ಪಿಗೆ ಪತ್ರದ ಕೆಳಗಿನ ತುಂಡಿನಲ್ಲೇ ಹೊಸ ಐ-94 ಇರುತ್ತದೆ. ಅದನ್ನು ಹರಿದು ಎಲ್ಲೋ ಇಟ್ಟು ಕಳೆಯಬೇಡಿ, ಲೈಸೆನ್ಸ್ ಆಫೀಸಿನವರು ಮೊದಲು ಕೇಳುವುದು ಅದನ್ನೇ.