ಹಳೇ ಟೂ-ಸ್ಟ್ರೋಕ್ ಔಟ್‌ಬೋರ್ಡ್: ಸ್ಪ್ಯಾನರ್ ಹಿಡಿಯುವ ಮೊದಲು

ನಮ್ಮದು ಗಂಗೊಳ್ಳಿ ಕಡೆಯ ನಾಡದೋಣಿ. ಹಿಂದೆ ಕಟ್ಟಿರುವುದು 8 ಎಚ್‌ಪಿಯ ಹಳೇ ಯಮಹಾ ಎಂಡ್ಯೂರೋ, ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದೆ. 10 ಎಚ್‌ಪಿ ಒಳಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ಅಂದರೆ ಕಡಲು ಒರಟಾಗಿರುವಾಗಲೇ ನಮ್ಮ ಎಂಜಿನ್‌ಗೆ ಕೆಲಸ ಜಾಸ್ತಿ. ಅಳಿವೆ ಬಾಯಲ್ಲಿ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ, ಮುಂದೆ ಏನಾಗುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಎಂಜಿನ್ ರಿಪೇರಿಯನ್ನು ನಾನೇ ಕಲಿತೆ.

ಹಳೇ ಎಂಜಿನ್ ಬಗ್ಗೆ ನನ್ನದು ಒಂದೇ ಪಟ್ಟು: ಕಾರಣ ಗೊತ್ತಾಗದೆ ಒಂದು ಬೋಲ್ಟನ್ನೂ ಬಿಚ್ಚಬಾರದು. ಬಾಡಿ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲ್, ನಡುವೆ ಉಪ್ಪು ನೀರು. ವರ್ಷಗಟ್ಟಲೆ ಒಟ್ಟಿಗಿದ್ದು ಅವು ಅಂಟಿಕೊಂಡಿರುತ್ತವೆ. ಜೋರು ಮಾಡಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಸಣ್ಣ ತೊಂದರೆಗೆ ಕೈ ಹಾಕಿ ದೊಡ್ಡ ಖರ್ಚು ಮೈಮೇಲೆ ಎಳೆದುಕೊಂಡಂತೆ ಆಗುತ್ತದೆ, ಅಲ್ವಾ?

ಎಂಜಿನ್ ಸ್ಟಾರ್ಟ್ ಆಗಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ ಎಂದರೆ ಮೊದಲು ನೋಡುವುದು ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ. ಅದು ಮುಚ್ಚಿದ್ದರೆ ಎಣ್ಣೆ ಖಾಲಿಯಾದಷ್ಟೂ ಒಳಗೆ ಗಾಳಿ ಬರುವುದಿಲ್ಲ, ಪಂಪ್ ಎಳೆಯಲಾರದೆ ಸೋಲುತ್ತದೆ. ಪೈಪಿನ ನಡುವಿನ ರಬ್ಬರ್ ಬಲ್ಬ್ ಚಪ್ಪಟೆಯಾಗಿ ಒಳಗೆ ಹೋಗಿರುತ್ತದೆ. ಇನ್ನು ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ. ಕನೆಕ್ಟರಿನ ಒಳಗಿನ ಪುಟ್ಟ ಓ-ರಿಂಗ್ ಒಣಗಿ ಸೀಳಿದ್ದರೂ ಹೀಗೇ ಆಗುತ್ತದೆ.

ಅಲ್ಲೆಲ್ಲ ಸರಿ ಇದ್ದರೆ ಸ್ಪಾರ್ಕ್ ಪ್ಲಗ್. ಬಿಚ್ಚಲು ನಾನು ಹೆದರದ ಭಾಗ ಅಂದರೆ ಅದೊಂದೇ. ಹಗ್ಗ ನಾಲ್ಕೈದು ಸಲ ಎಳೆದ ಮೇಲೆ ಪ್ಲಗ್ ತೆಗೆದು ತುದಿ ನೋಡಿ. ಒಣಗಿದ್ದರೆ ಎಣ್ಣೆ ಬರುತ್ತಿಲ್ಲ. ಫಿಲ್ಟರ್, ಪಂಪ್, ಕಾರ್ಬೊರೇಟರ್ ಕಡೆ ಹೋಗಬೇಕು. ಒದ್ದೆಯಾಗಿದ್ದರೆ ಎಣ್ಣೆ ಬಂದಿದೆ, ಕಿಡಿ ಇಲ್ಲ ಅಥವಾ ಎಣ್ಣೆ ಅತಿಯಾಗಿದೆ. ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಮೈ ಬ್ಲಾಕಿಗೆ ತಾಗಿರಬೇಕು, ಪ್ಲಗ್ ತೂತಿನಿಂದ ದೂರ ಇರಬೇಕು. ವಯರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆದರೆ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಡಬ್ಬಿ, ಅಂದರೆ ಸಿಡಿಐ, ಹಾಳಾಗುವ ಅಪಾಯ ಇದೆ. ಕಿಡಿಯೇ ಇಲ್ಲ ಎಂದಾಗ ಕಾಯಿಲ್ ದೂರುವ ಮೊದಲು ಸ್ಟಾಪ್ ಸ್ವಿಚ್‌ನ ವಯರ್ ಕಳಚಿ ಒಮ್ಮೆ ಪರೀಕ್ಷಿಸಿ. ಉಪ್ಪು ಕಟ್ಟಿ ಆ ಸ್ವಿಚ್ ಒಳಗೇ ಶಾರ್ಟ್ ಆಗುವುದು ಮಾಮೂಲು.

ಸೀಮೆಎಣ್ಣೆ ಎಂಜಿನ್‌ಗೆ ಇನ್ನೊಂದು ಶಿಸ್ತು ಬೇಕು. ತಣ್ಣಗಿನ ಎಂಜಿನ್‌ನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಪೆಟ್ರೋಲ್‌ನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಕಾಕ್ (ಇಂಧನದ ನಲ್ಲಿ) ಸೀಮೆಎಣ್ಣೆಗೆ ತಿರುಗಿಸುವುದು. ದಡಕ್ಕೆ ಬರುವಾಗ ನಿಲ್ಲಿಸುವ ಮೊದಲೇ ಮತ್ತೆ ಪೆಟ್ರೋಲ್‌ಗೆ ತಿರುಗಿಸಬೇಕು. ಇಲ್ಲದಿದ್ದರೆ ಕಾರ್ಬೊರೇಟರಿನ ಬಟ್ಟಲಲ್ಲಿ ಸೀಮೆಎಣ್ಣೆಯೇ ಉಳಿದು ಬೆಳಗ್ಗೆ ತೋಳು ಬಿದ್ದುಹೋಗುವಷ್ಟು ಹಗ್ಗ ಎಳೆಯಬೇಕಾಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೂ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ನೀರು ಜಾಸ್ತಿಯಾದರೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಹಳೇ ರಬ್ಬರ್ ಪೈಪ್‌ಗಳಿಗೂ ಅದು ಆಗಿಬರುವುದಿಲ್ಲ. ಆಯಿಲ್ ಬೆರೆಸಿದ ಪೆಟ್ರೋಲ್‌ನ್ನು ನಾನು ತಿಂಗಳುಗಟ್ಟಲೆ ಇಡುವುದಿಲ್ಲ. ಆಯಿಲ್ ಎಷ್ಟು ಎಂಬುದಕ್ಕೆ ಅವರವರ ಎಂಜಿನ್ ಕೈಪಿಡಿಯೇ ಪ್ರಮಾಣ. 50:1 ಎಂದಿದ್ದರೆ ಲೀಟರಿಗೆ 20 ಮಿಲಿ.

ಬಿಚ್ಚಲೇಬೇಕಾದದ್ದು ಒಂದಿದೆ, ಎಂಜಿನ್ ತಣಿಸುವ ನೀರಿನ ಪಂಪ್. ಮಳೆಗಾಲದ ಮುಂಚೆ, ಮೇ ತಿಂಗಳಲ್ಲಿ, ಪ್ರತಿ ವರ್ಷ ನಾನು ಅದನ್ನು ಬಿಚ್ಚುತ್ತೇನೆ. ಗೇರ್ ಸರಳನ್ನು ಬಿಡಿಸಿ, ಕೆಳಗಿನ ಗೇರ್ ಕೇಸ್ ಇಳಿಸಿ, ಡ್ರೈವ್ ಶಾಫ್ಟ್‌ನ ಬುಡದ ಡಬ್ಬಿ ತೆರೆದರೆ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಕಾಣುತ್ತದೆ. ಹೊಸದರ ರೆಕ್ಕೆಗಳು ನೆಟ್ಟಗೆ ಚಾಚಿರುತ್ತವೆ. ಹಳೆಯದರಲ್ಲಿ ಎಲ್ಲ ಒಂದೇ ಕಡೆಗೆ ಬಾಗಿ, ಹೊರಗೆ ತೆಗೆದಿಟ್ಟರೂ ಹಾಗೇ ಉಳಿಯುತ್ತವೆ. ಬುಡದಲ್ಲಿ ಬೆರಳಿಟ್ಟು ಬಗ್ಗಿಸಿದರೆ ಕೂದಲೆಳೆಯಂಥ ಸೀಳು ತೋರುತ್ತದೆ. ನಮ್ಮ ಅಳಿವೆಯ ನೀರಿನಲ್ಲಿ ಮರಳು ಜಾಸ್ತಿ ಇರುವುದರಿಂದ ಡಬ್ಬಿಯ ಒಳಮೈಯಲ್ಲೂ ಗೀರು ಬಿದ್ದಿರುತ್ತದೆ. ಉಗುರಿಗೆ ಸಿಗುವಷ್ಟಿದ್ದರೆ ಅದನ್ನೂ ಬದಲಾಯಿಸಬೇಕು. ಶಾಫ್ಟ್‌ನ ಮೇಲಿರುವ ಚಿಕ್ಕ ಕೀ ಬೀಳದಂತೆ ಸ್ವಲ್ಪ ಗ್ರೀಸ್‌ನಿಂದ ಅಂಟಿಸಿ. ರೆಕ್ಕೆಗೆ ಸಾಬೂನು ನೀರು ಸವರಿ, ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಡಬ್ಬಿಯನ್ನು ಒತ್ತಿ ಕೂರಿಸಿ. ರೆಕ್ಕೆಗಳು ತಾನಾಗಿಯೇ ಸರಿಯಾದ ಕಡೆಗೆ ಬಾಗುತ್ತವೆ. ಜೋಡಿಸುವಾಗ ಪ್ರತಿ ಬೋಲ್ಟಿಗೂ ಗ್ರೀಸ್ ಹಚ್ಚಿದರೆ ಮುಂದಿನ ಮೇನಲ್ಲಿ ಅದು ಕೈಗೆ ಸುಲಭವಾಗಿ ಬರುತ್ತದೆ.

ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು. ನೀರು ನಿಂತರೆ ಎಂಜಿನ್ ತಕ್ಷಣ ಆಫ್ ಮಾಡಿ. ತೂತಿಗೆ ಕೆಸರು ಕಟ್ಟಿದ್ದರೆ ಬಲೆಯ ದಪ್ಪ ನೈಲಾನ್ ನೂಲು ತೂರಿಸಿದರೆ ಸಾಕು. ಅದೇ ನೈಲಾನ್ ಫ್ಯಾನಿನ (ಪ್ರೊಪೆಲ್ಲರ್) ಹಿಂದೆ ಸುತ್ತಿಕೊಂಡರೆ ಶಾಫ್ಟಿನ ಸೀಲ್ ಕತ್ತರಿಸುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಆಗಿದ್ದರೆ ನೀರು ಒಳಗೆ ಹೋಗಿದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಎಂಜಿನ್ ಕಡಲಿಗೆ ಬಿದ್ದರೆ ಏನು ಮಾಡಬೇಕು ಎಂದು ಹುಡುಗರು ತುಂಬ ಕೇಳುತ್ತಾರೆ. ಮೇಲೆತ್ತಿ ಬಿಸಿಲಿಗೆ ಒಣಗಿಸಬೇಡಿ. ಉಪ್ಪು ನೀರಿನ ಜೊತೆ ಗಾಳಿ ತಾಗಿದ ಕ್ಷಣದಿಂದ ಬೇರಿಂಗ್ ತುಕ್ಕು ಹಿಡಿಯಲು ಶುರುವಾಗುತ್ತದೆ. ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಪ್ಲಗ್ ತೆಗೆದು, ತೂತು ಕೆಳಮುಖ ಮಾಡಿ, ಫ್ಲೈವೀಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೀರು ಹೊರಹಾಕಿ. ಎಲ್ಲಾದರೂ ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಓಡುತ್ತಿದ್ದಾಗ ಮುಳುಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಮರಳೂ ಇರಬಹುದು. ಸಲೀಸಾಗಿ ತಿರುಗಿದರೆ ಕಾರ್ಬೊರೇಟರ್ ಖಾಲಿ ಮಾಡಿ, ಸಿಲಿಂಡರ್‌ಗೆ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು, ಒಳಗೆಲ್ಲ ಹರಡುವಂತೆ ತಿರುಗಿಸಿ. ಅದೇ ದಿನ ಸ್ಟಾರ್ಟ್ ಮಾಡಿ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಬೇಕು. ಅಂದು ಆಗುವುದೇ ಇಲ್ಲ ಎಂದಾದರೆ, ಮೆಕ್ಯಾನಿಕ್ ಬರುವವರೆಗೆ ಇಡೀ ಎಂಜಿನ್ ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಯೇ ಇರಲಿ.