ಗುಂಡಿ ಹಾಕಿದ ಹಳೇ ಶೈಲಿಯ ಸೋಫಾ, ಹೊಸ ಮನೆ: ಬಣ್ಣ ಆರಿಸುವ ನನ್ನ ರೀತಿ

ಬಿಳಿ ಗೋಡೆ, ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಫಾಲ್ಸ್ ಸೀಲಿಂಗ್ ಇರುವ ಹಾಲ್‌ಗೆ ದುಂಡು ಕೈಯ, ಗುಂಡಿ ಬಿಗಿದ ಚೆಸ್ಟರ್‌ಫೀಲ್ಡ್ ಸೋಫಾ ಬೇಕೆಂದು ವಿಜಯಪುರದಲ್ಲಿ ಈಗ ಬಹಳ ಜನ ಕೇಳುತ್ತಾರೆ. ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಮರೂನ್ ಚಲೋನೋ, ನೀಲಿ ಚಲೋನೋ?’ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಬಣ್ಣ ಎಷ್ಟು ಗಾಢ ಇರಬೇಕು ಅನ್ನೋದು ಮೊದಲು ತೀರ್ಮಾನ ಆಗಬೇಕು.

ಗುಂಡಿ ಎಳೆದು ಬಿಗಿದಾಗ ಬಟ್ಟೆ ವಜ್ರಾಕಾರದ ಮಡಿಕೆಗಳಾಗಿ ಒಳಕ್ಕೆ ಹೋಗುತ್ತದೆ. ಪ್ರತಿ ಮಡಿಕೆಯಲ್ಲೂ ನೆರಳು ನಿಲ್ಲುತ್ತದೆ. ಅದಕ್ಕೇ ಅಂಗಡಿಯ ಚಪ್ಪಟೆ ತುಂಡಿಗಿಂತ ತಯಾರಾದ ಸೋಫಾ ಗಾಢವಾಗಿ ಕಾಣುವುದು. ಗಿರಾಕಿ ಮೆಚ್ಚಿದ ಶೇಡ್‌ಗಿಂತ ಒಂದು ಹಂತ ತಿಳಿ ಬಣ್ಣದ್ದನ್ನು ನಾನು ತರಿಸುತ್ತೇನೆ. ಕಪ್ಪು ಅಥವಾ ಕಡುನೀಲಿಯಲ್ಲಿ ಗುಂಡಿ, ಮಡಿಕೆ ಎರಡೂ ಮುಚ್ಚಿಹೋಗಿ ಕೈಕೆಲಸವೇ ಕಾಣುವುದಿಲ್ಲ. ಮೇಲಾಗಿ ಎರೆಮಣ್ಣಿನ ಬೂದು ದೂಳು ಅವುಗಳ ಮೇಲೆ ಎದ್ದು ಕಾಣುತ್ತದೆ. ಕ್ರೀಮ್ ಆದರೆ ಅದೇ ದೂಳು ಮಡಿಕೆಯೊಳಗೆ ಕೂತು ಗೆರೆ ಬೀಳುತ್ತದೆ. ನಮ್ಮ ಹವೆಗೆ ಮಧ್ಯಮ ಗಾಢತೆಯೇ ಸರಿ.

ಟೈಲ್ಸ್ ಮೇಲೆ ಒಂದು ಬಿಳಿ ಹಾಳೆ ಇಡಿ. ‘ಐವರಿ’ ಅಂದುಕೊಂಡ ನೆಲ ಹಳದಿಗೆ ತಿರುಗಿದೆಯೋ, ಬೂದಿಗೋ ಅಂತ ಆಗ ಗೊತ್ತಾಗುತ್ತದೆ. ಹಳದಿ ಛಾಯೆಗೆ ಇಟ್ಟಿಗೆ ಕೆಂಪು, ಆಲಿವ್ ಹಸಿರು ಕೂಡುತ್ತವೆ. ಬೂದು ಛಾಯೆಗೆ ಬೂದು ಬೆರೆತ ನವಿಲು ಹಸಿರು ಅಥವಾ ಮಸುಕು ನೀಲಿ. ಸಾಗವಾನಿ ಕಾಲಿಗೆ ಜೇನುಬಣ್ಣದ ಪಾಲಿಶ್ ಇದ್ದರೆ, ನೀಲಿ-ಹಸಿರಿನ ಪಕ್ಕ ಮರದ ಕಿತ್ತಳೆ ಛಾಯೆ ಇನ್ನಷ್ಟು ಎದ್ದು ಬರುತ್ತದೆ. ನನಗದು ಇಷ್ಟ, ಬೇಡ ಅನ್ನುವವರಿಗೆ ಗಾಢ ಕಂದಿನ ವಾಲ್‌ನಟ್ ಪಾಲಿಶ್ ಹೇಳುತ್ತೇನೆ.

ಬೆರಳಗಲದ ಸ್ಯಾಂಪಲ್ ನೋಡಿ ಆರ್ಡರ್ ಕೊಡಬಾರದು. ಅರ್ಧ ಮೀಟರ್ ಬಟ್ಟೆ ತಂದು, ಫೋಮ್ ತುಂಡಿಗೆ ಸುತ್ತಿ, ನಾಲ್ಕು ಕಡೆ ದಾರದಿಂದ ಒಳಕ್ಕೆ ಎಳೆದು ಕಟ್ಟಿ. ಅದನ್ನು ಸೋಫಾ ಬರುವ ಜಾಗದಲ್ಲೇ ಒರಗಿಸಿ ನಿಲ್ಲಿಸಿ, ಬೆಳಿಗ್ಗೆ, ಸಂಜೆ ನಾಲ್ಕಕ್ಕೆ, ರಾತ್ರಿ ದೀಪ ಹಚ್ಚಿದ ಮೇಲೆ ನೋಡಬೇಕು. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಮರೂನ್ ಜೀವ ಕಳೆದುಕೊಂಡು ಕಂದಾಗುತ್ತದೆ. 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಅದೇ ಬಟ್ಟೆ ಬೆಚ್ಚಗೆ ಕಾಣುತ್ತದೆ, ಆದರೆ ಕಡುನೀಲಿ ಕಪ್ಪಿಗೆ ಸರಿಯುತ್ತದೆ. ಎಷ್ಟೋ ಸಲ ಬದಲಿಸಬೇಕಾದದ್ದು ಬಟ್ಟೆಯಲ್ಲ, ಬಲ್ಬ್.

ಈ ಸೋಫಾಕ್ಕೆ ವೆಲ್ವೆಟ್ ಒಪ್ಪುತ್ತದೆ, ಆದರೆ ಅದರ ಎಳೆಗೆ ದಿಕ್ಕಿದೆ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ, ಬೆನ್ನಿನಲ್ಲಿ ಮೇಲಿಂದ ಕೆಳಕ್ಕೆ, ಸೀಟಿನಲ್ಲಿ ಹಿಂದಿಂದ ಮುಂದಕ್ಕೆ ಕೈ ಸವರಿದರೆ ನುಣುಪಾಗಿ ಬರುವಂತೆ ಕತ್ತರಿಸಬೇಕು. ಒಂದು ತುಂಡು ತಿರುಗಿದರೂ ಎರಡು ಬಣ್ಣದ ಸೋಫಾ ಆಗುತ್ತದೆ. 54 ಇಂಚು ಪನ್ನಾದ (ಅಗಲದ) ಬಟ್ಟೆಯಾದರೆ ಮೂರು ಸೀಟಿನ, ಬೆನ್ನು ಮತ್ತು ಕೈಗೆ ಗುಂಡಿಯಿರುವ ಸೋಫಾಕ್ಕೆ 12ರಿಂದ 14 ಮೀಟರ್ ಹಿಡಿದುಕೊಳ್ಳಿ. ಸಾದಾ ಸೋಫಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಮಡಿಕೆಗಳೇ ಬಹಳ ಬಟ್ಟೆ ತಿನ್ನುತ್ತವೆ. ಪೂರ್ತಿ ಬಟ್ಟೆ ಒಂದೇ ರೋಲಿನದ್ದಾಗಿರಲಿ. ಬೇರೆ ಸಲ ಬಣ್ಣ ಹಾಕಿದ ಲಾಟ್ ಬಂದರೆ ಶೇಡ್ ಸೂಕ್ಷ್ಮವಾಗಿ ತಪ್ಪುತ್ತದೆ.

ಪಶ್ಚಿಮದ ಕಿಟಕಿ ಎದುರಿಗಿದ್ದರೆ ವಿಸ್ಕೋಸ್ ವೆಲ್ವೆಟ್ ಬೇಡ, ಪಾಲಿಯೆಸ್ಟರ್ ವೆಲ್ವೆಟ್ ಬಿಸಿಲಿಗೆ ಹೆಚ್ಚು ತಡೆಯುತ್ತದೆ. ಬೆಳಗಾವಿಯ ಮಳೆಗಾಲಕ್ಕೂ ಅದೇ ಮೇಲು. ಹತ್ತಿಯ ವೆಲ್ವೆಟ್ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಗೋಡೆಯ ತೇವ ತಾಗದಂತೆ ಸೋಫಾವನ್ನು ಮೂರ್ನಾಲ್ಕು ಇಂಚು ದೂರ ಇಡಿಸಿ.

ಗಾಢ ಬಣ್ಣದ ಆಸೆಯನ್ನು ದಿಂಬಿಗೆ ಬಿಡುತ್ತೇನೆ. ಸಾದಾ ಹಸಿರು ಸೋಫಾದ ಮೇಲೆ ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆ) ದಾಳಿಂಬೆ ಕೆಂಪು ಎರಡೇ ದಿಂಬು ಸಾಕು. ಖಣ ತೆಳು, ಹೊಲಿಗೆಯಲ್ಲಿ ಎಳೆ ಜಾರುತ್ತದೆ. ಹಿಂದೆ ಹತ್ತಿ ಅಸ್ತರು ಕೊಟ್ಟು ಅರ್ಧ ಇಂಚಿಗಿಂತ ಹೆಚ್ಚು ಅಂಚು ಬಿಟ್ಟು ಹೊಲಿಸಿ. ಸೋಫಾ ಬಟ್ಟೆಯದ್ದೂ ಒಂದು ಮೀಟರ್ ಉಳಿಸಿ ಬೆಳಕು ತಾಗದ ಕಡೆ ಇಡಿ, ಮೊದಲು ಸವೆಯುವ ಕೈಯ ಮುಂಭಾಗಕ್ಕೂ ಕಿತ್ತು ಬರುವ ಗುಂಡಿಗೂ ಅದೇ ಬೇಕಾಗುತ್ತದೆ.