ಗಿನ್ನಿ ಖರೇದೋ, ಖೊಟ್ಟಿಯೋ?

ಹೋದ ವಾರ ಜಮಖಂಡಿಯಿಂದ ಬಂದ ತಮ್ಮನ ಮಗಳು ಕರವಸ್ತ್ರದ ಗಂಟು ಬಿಚ್ಚಿ ಒಂದು ಗಿನ್ನಿ ನಾಣ್ಯ ನನ್ನ ಅಂಗೈಯಲ್ಲಿಟ್ಟಳು. "ಅತ್ತಿ, ಅಜ್ಜನ ಟ್ರಂಕಿನ್ಯಾಗ ಸಿಕ್ಕೈತಿ. ಖರೇ ಬಂಗಾರ ಏನ್ ಇದು?" ಅಂದವಳೇ ಹುಣಸೆಹಣ್ಣು ಹುಡುಕಲಿಕ್ಕೆ ಅಡಿಗೆಮನೆಗೆ ಹೊರಟಳು. ಕೈ ಹಿಡಿದು ಕೂಡಿಸಿದೆ.

ಯಾಕೆಂದರೆ ಆ ತಪ್ಪು ನಾನು ಮಾಡಿದ್ದೇನೆ. ಮದುವೆಯಾಗಿ ವಿಜಯಪುರಕ್ಕೆ ಬಂದ ಹೊಸತರಲ್ಲಿ ಅತ್ತೆಯವರ ಗಿನ್ನಿಗೆ ಹುಣಸೆಹಣ್ಣು, ಬೂದಿ ಹಚ್ಚಿ ಹಂಡೆ ತಿಕ್ಕಿದಂಗೆ ತಿಕ್ಕಿದ್ದೆ. ಫಳಫಳ ಅಂದಿತು ನಿಜ, ಆದರೆ ಮೈತುಂಬ ಕೂದಲೆಳೆಯಂಥ ಗೀರು. ಎಷ್ಟೋ ವರ್ಷದ ಮೇಲೆ ಹಳೆ ನಾಣ್ಯ ಕೊಳ್ಳುವವರೊಬ್ಬರು ಭೂತಗನ್ನಡಿ ಹಿಡಿದು ನೋಡಿ, "ಬಂಗಾರದ ತೂಕಕ್ಕಷ್ಟ ರೊಕ್ಕ ಬರತೈತ್ರಿ" ಅಂದುಬಿಟ್ಟರು. ತೊಳೆಯಲೇಬೇಕೆಂದರೆ ಬರೀ ನೀರು ಸಾಕು. ಒತ್ತಿ ಒರೆಸಬೇಡಿ.

ಕಚ್ಚಿ ನೋಡುವುದನ್ನೂ ಬಿಡಿ. ಹಲ್ಲಿನ ಗುರುತು ಸೀಸದ ಮೇಲೂ ಬೀಳುತ್ತದೆ. ಅಯಸ್ಕಾಂತ ಹಿಡಿದರೆ ಒಳಗೆ ಕಬ್ಬಿಣವಿದೆಯೋ ಇಲ್ಲವೋ ಅಷ್ಟೇ ತಿಳಿಯುತ್ತದೆ. ಹಿತ್ತಾಳೆ, ತಾಮ್ರ ಯಾವುದೂ ಅದಕ್ಕೆ ಅಂಟುವುದಿಲ್ಲ.

ನಾನು ನಂಬುವುದು ತೂಕವನ್ನು. ನಮ್ಮ ಮನೆಗಳಲ್ಲಿ ಸಿಗುವ ಗಿನ್ನಿ ಬಹುಪಾಲು ಇಂಗ್ಲಿಷರ ಸವರನ್ ಎಂಬ ನಾಣ್ಯ. ಒಂದು ಬದಿ ರಾಜನದೋ ರಾಣಿಯದೋ ಮುಖ, ಇನ್ನೊಂದು ಬದಿ ಸಾಮಾನ್ಯವಾಗಿ ಕುದುರೆ ಸವಾರ ಡ್ರ್ಯಾಗನ್ನನ್ನು ಕೊಲ್ಲುವ ಚಿತ್ರ. 22 ಕ್ಯಾರೆಟ್ ಬಂಗಾರ, ತೂಕ 7.98 ಗ್ರಾಂ, ಅಡ್ಡಗಲ 22 ಮಿಲಿಮೀಟರ್. 1918ರಲ್ಲಿ ಮುಂಬೈ ಟಂಕಸಾಲೆಯಲ್ಲೂ ಇದನ್ನು ಹೊಡೆದಿದ್ದರು. ಅವುಗಳ ಮೇಲೆ ಇಸವಿಯ ಹತ್ತಿರ, ಡ್ರ್ಯಾಗನ್ ಬಿದ್ದ ನೆಲದ ಗೆರೆಯಲ್ಲಿ, ಇಂಗ್ಲಿಷಿನ ಐ (I) ಅಕ್ಷರ ಸಣ್ಣದಾಗಿ ಇರುತ್ತದೆ. ಖೊಟ್ಟಿಯವನು ತೂಕ ಸರಿ ಮಾಡಲು ಹೋದರೆ ನಾಣ್ಯ ದಪ್ಪವಾಗುತ್ತದೆ, ಅಳತೆ ಸರಿ ಮಾಡಿದರೆ ಹಗುರಾಗುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸುವುದು ಸುಲಭವಲ್ಲ.

ಇದನ್ನೇ ನೀರಿನಲ್ಲಿ ಇನ್ನೂ ಚೆಂದ ನೋಡಬಹುದು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಅರ್ಧ ಲೋಟ ನೀರು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಲ್ಲಿ ಮುಳುಗಿಸಿ ಹಿಡಿಯಿರಿ, ತಳಕ್ಕೂ ಗೋಡೆಗೂ ತಾಗಬಾರದು. ಆಗ ಬರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 22 ಕ್ಯಾರೆಟ್ಟಿಗೆ ಹದಿನೇಳೂವರೆಯ ಆಸುಪಾಸು ಬರಬೇಕು. ಹಿತ್ತಾಳೆಯಾದರೆ ಎಂಟೂವರೆ, ಬೆಳ್ಳಿ ಹತ್ತೂವರೆ, ಸೀಸ ಹನ್ನೊಂದರ ಮೇಲೆ ಸ್ವಲ್ಪ. ಟಂಗ್‌ಸ್ಟನ್ ಒಂದೇ ಬಂಗಾರದ ಭಾರಕ್ಕೆ ಹತ್ತಿರ ಬಂದು ಮೋಸ ಮಾಡಬಲ್ಲದು.

ನಮ್ಮ ಹುಡುಗಿಯ ಗಿನ್ನಿ 8.21 ಗ್ರಾಂ ತೂಗಿತು. ಹೆಚ್ಚಾಯಿತಲ್ಲ ಅಂತ ಗಾಬರಿಯಾದಳು. ಯಾರೋ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರು, ಹೆಚ್ಚಿನ ತೂಕ ಅದರದು. ನೀರಿಗಿಳಿಸಿದಾಗ 0.50 ಬಂತು, ಭಾಗಿಸಿದರೆ ಹದಿನಾರು ಚಿಲ್ಲರೆ. ಮುಖ ಸಣ್ಣದಾಯಿತು. ಬಗ್ಗಿ ನೋಡಿದರೆ ಕೊಂಡಿಯ ತೂತಿನಲ್ಲಿ ಗಾಳಿಯ ಗುಳ್ಳೆ ಕೂತಿತ್ತು! ದಾರ ಅಲುಗಿಸಿದೆ, ಗುಳ್ಳೆ ಮೇಲೆ ಬಂತು, ಅಂಕಿ 0.47ಕ್ಕೆ ಇಳಿಯಿತು. ಈಗ ಹದಿನೇಳೂವರೆ.

ಆದರೆ ಬಂಗಾರ ಖರೇ ಇದ್ದ ಮಾತ್ರಕ್ಕೆ ನಾಣ್ಯ ಖರೇ ಅಂತಲ್ಲ. ಪುತಳಿ ಸರದಲ್ಲಿ ಪೋಣಿಸಿದ ನಾಣ್ಯದಂಥ ಪುತಳಿಗಳನ್ನೇ ನೋಡಿ. ಅವಕ್ಕೆ ಮೂಲ ವೆನಿಸ್ಸಿನ ಡುಕಾಟ್ ಎಂಬ ಬಂಗಾರದ ನಾಣ್ಯ. ಕುತ್ತಿಗೆಯಲ್ಲಿರುವುದು ಹೆಚ್ಚಾಗಿ ನಮ್ಮ ಪತ್ತಾರರು ಅಚ್ಚು ಹಾಕಿದ್ದು. ಮೋಸವಲ್ಲ ಅದು, ಒಡವೆ. ಸವರನ್ನನ್ನೂ ಲೆಬನಾನ್ ಕಡೆ ಅಸಲಿ ಬಂಗಾರದಲ್ಲೇ ನಕಲು ಮಾಡಿದ್ದುಂಟು. ಅಂಥದ್ದಕ್ಕೆ ಕಣ್ಣೇ ಬೇಕು: ಅಕ್ಷರ ಸಾಬೂನು ಕರಗಿದಂತೆ ಮೊಂಡಾಗಿದ್ದರೆ, ಮೈಮೇಲೆ ಸಣ್ಣ ಸಣ್ಣ ಗುಳಿ ಇದ್ದರೆ, ಅಂಚಿನ ಹಲ್ಲಿನ ನಡುವೆ ಸುತ್ತಲೂ ಜೋಡಿನ ಗೆರೆ ಕಂಡರೆ ಅದು ಟಂಕಸಾಲೆಯ ಮಾಲಲ್ಲ.

ಕಡೆಗೆ ಪತ್ತಾರರಲ್ಲಿಗೆ ಹೋಗಲೇಬೇಕು. ಒರೆಗಲ್ಲಿಗೆ ಮುಖ ಉಜ್ಜಲು ಬಿಡಬೇಡಿ, ಅಂಚಿನಲ್ಲಿ ಒಂದೇ ಎಳೆ ಸಾಕು ಅನ್ನಿ. ಆ ಗೆರೆಗೆ ಆಸಿಡ್ ಹಚ್ಚಿದಾಗ ಹಿತ್ತಾಳೆಯದಾದರೆ ಹಸಿರಾಗಿ ಕರಗಿಹೋಗುತ್ತದೆ. ಕ್ಯಾರೆಟ್ ಮಷೀನು ಮೇಲಿನ ಪದರವನ್ನಷ್ಟೇ ಓದುತ್ತದೆ, ಬಂಗಾರದ ಲೇಪ ದಪ್ಪವಿದ್ದರೆ ಅದೂ ಏಮಾರುತ್ತದೆ.

ಇನ್ನು ಹೊಲ ಅಗಿಯುವಾಗ ಕೊಡ ಸಿಕ್ಕಿತು, ಅರ್ಧ ಬೆಲೆಗೆ ಕೊಡುತ್ತೇನೆ ಅಂತ ಬರುವವರಿದ್ದಾರೆ. ಮೊದಲು ಕೊಡುವ ಒಂದೆರಡು ನಾಣ್ಯ ಅಪ್ಪಟವೇ ಇರುತ್ತವೆ, ಬೇಕಾದಲ್ಲಿ ತೋರಿಸ್ರಿ ಅಂತಾರೆ. ಆಮೇಲೆ ರಾತ್ರಿ ಹೊತ್ತು ಕೈಗೆ ಬರುವ ಗಂಟಿನಲ್ಲಿ ಮಾತ್ರ ಹಿತ್ತಾಳೆ. ನಿಜವಾಗಿ ನೆಲದಲ್ಲಿ ಸಿಕ್ಕಿದ್ದಾದರೆ ಸರ್ಕಾರಕ್ಕೆ ತಿಳಿಸಬೇಕು. ಅದನ್ನು ಮಾರುವುದು, ಕೊಳ್ಳುವುದು ಎರಡೂ ಪೊಲೀಸ್ ಠಾಣೆಯ ದಾರಿ.

ನಮ್ಮ ಹುಡುಗಿ ಅಂಚಿಗೆ ಒರೆ ಹಚ್ಚಿಸಿಕೊಂಡು ಸಂಜೆ ಬಸ್ಸಿಗೆ ಹೊರಟಳು. ಕೊಂಡಿ ತೆಗೆಸಲೇನು ಅಂತ ಕೇಳಿದಳು. ಬ್ಯಾಡವ್ವಾ, ಹಂಗ ಇರಲಿ ಅಂದೆ. ಅದನ್ನು ಬೆಸೆಸಿದ್ದು ನಮ್ಮ ಅವ್ವ ಇರಬೇಕು.